ಓದುವುದು ಬೇರೆ, ಒಪ್ಪಿಸುವುದು ಬೇರೆ

ಓದುಗರ ಪ್ರಶ್ನೆಗಳಿಗೆ ಈ ತಿಂಗಳು ಉತ್ತರ ಬರೆದವರು, ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿ ಶಾಲೆಗಳಲ್ಲಿ 31 ವರ್ಷ ಚಿಕ್ಕ ಮಕ್ಕಳಿಗೆ ಪಾಠ ಮಾಡಿ ನಿವೃತ್ತರಾದ ಶಿಕ್ಷಕಿ.

ಪ್ರಶ್ನೆ: ಅಕ್ಕೋರೇ, ನಮಸ್ಕಾರ. ನನ್ನ ಮಗ ನಮ್ಮೂರ ಸರ್ಕಾರಿ ಶಾಲೆಯಲ್ಲಿ ಎರಡನೇ ತರಗತಿ. ಪುಸ್ತಕ ಹಿಡಿದು ಕೂತರೆ ಪಾಠವನ್ನು ಗಡಗಡ ಓದುತ್ತಾನೆ. ಅದೇ ಪಾಠದ ಒಂದು ಪದವನ್ನು ಸ್ಲೇಟಿನ ಮೇಲೆ ಬರೆದು ತೋರಿಸಿದರೆ ಸುಮ್ನೆ ನನ್ನ ಮುಖ ನೋಡುತ್ತಾನೆ. ಶಾಲೆಯಲ್ಲಿ ಅ ಆ ಇ ಈ ಬದಲು ರ ಗ ಸ ದ ಅಂತ ಶುರು ಮಾಡಿದ್ದರು. ‘ವರ್ಣಮಾಲೆಯೇ ಬರಲ್ಲ, ಇದೆಂಥ ಓದು’ ಎಂದು ಮಾವನವರಿಗೆ ಸಿಟ್ಟು. ಪೇಟೆಯ ಇಂಗ್ಲಿಷ್ ಮೀಡಿಯಂಗೆ ಹಾಕಿ ಎಂದು ನಾದಿನಿ ಹೇಳುತ್ತಾರೆ. ನಾನು ಓದಿದ್ದು ಏಳನೇ ಕ್ಲಾಸು. ನನ್ನಿಂದ ಏನಾದರೂ ಆಗುತ್ತದಾ?
– ಒಬ್ಬ ತಾಯಿ, ಹೊಸನಗರ ತಾಲ್ಲೂಕು

ಉತ್ತರ: ಆಗುತ್ತದೆ ತಂಗಿ. ಆಗಲೇ ಒಂದು ದೊಡ್ಡ ಕೆಲಸ ಮಾಡಿದ್ದೀರಿ. ಪಾಠದ ಪದವನ್ನು ಪುಸ್ತಕದಿಂದ ಹೊರಗೆ ತಂದು ಸ್ಲೇಟಿನ ಮೇಲೆ ಬರೆದು ತೋರಿಸಿದ್ದೀರಲ್ಲ, ನಾನು ಟೀಚರ್ ಆದ ಮೊದಲ ನಾಲ್ಕು ವರ್ಷ ಅದನ್ನು ಮಾಡಿರಲಿಲ್ಲ.

ಆಗ ನಾನಿದ್ದದ್ದು ಕಾಡಿನ ನಡುವಿನ ಶಾಲೆ. ಒಂದು ಕೋಣೆ, ನಾಲ್ಕು ತರಗತಿ, ನಾನೊಬ್ಬಳೇ. ಆಷಾಢದ ಮಳೆ ಹೆಂಚಿನ ಮೇಲೆ ಹೊಯ್ಯುವುದಕ್ಕೆ ಶುರುವಾದರೆ ನನ್ನ ಮಾತು ನನಗೇ ಕೇಳುತ್ತಿರಲಿಲ್ಲ. ಹಾಗಾಗಿ ನಾನು ಗಟ್ಟಿಯಾಗಿ ಒಂದು ಸಾಲು ಹೇಳುವುದು, ಮಕ್ಕಳೆಲ್ಲ ಒಟ್ಟಿಗೆ ಅದನ್ನೇ ಕೂಗುವುದು. ಕೇಳುವುದಕ್ಕೆ ಬಹಳ ಚೆನ್ನಾಗಿತ್ತು. ಹಳ್ಳದ ಮೇಲಿನ ಕಾಲುಸಂಕ ದಾಟಿ ಬರುತ್ತಿದ್ದ ಒಬ್ಬ ಹುಡುಗನ ಚೀಲ ಒಂದು ದಿನ ಪೂರ್ತಿ ನೆನೆಯಿತು. ಪುಸ್ತಕವನ್ನು ಅವರ ಮನೆಯಲ್ಲಿ ಒಲೆಯ ಪಕ್ಕ ಒಣಗಿಸಿ ಕಳಿಸಿದ್ದರು. ಎರಡು ಹಾಳೆ ಒಂದಕ್ಕೊಂದು ಅಂಟಿಕೊಂಡಿದ್ದವು. ಓದು ಎಂದೆ. ಅವನು ಓದುತ್ತ ಹೋದ. ಹಾಳೆ ತಿರುಗಿಸಿದ. ನಡುವಿನ ಎರಡು ಪುಟ ಅಂಟಿನ ಒಳಗೇ ಉಳಿದವು. ಆದರೂ ಆ ಎರಡು ಪುಟವನ್ನು ಒಂದು ಪದ ಬಿಡದೆ ಓದಿ ಮುಗಿಸಿದ. ಅವನ ಕಣ್ಣೆದುರು ಇದ್ದದ್ದು ಬೇರೆಯೇ ಪುಟ.

ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ. ಮಾರನೇ ದಿನ ಒಬ್ಬೊಬ್ಬರನ್ನೇ ಜಗಲಿಗೆ ಕರೆದು, ಪದಗಳನ್ನು ಬಿಡಿಬಿಡಿಯಾಗಿ ಬರೆದು ಕೇಳಿದೆ. ಹದಿನೇಳು ಮಕ್ಕಳಲ್ಲಿ ಐದು ಮಕ್ಕಳು ಓದುತ್ತಿದ್ದರು. ಉಳಿದವರು ಒಪ್ಪಿಸುತ್ತಿದ್ದರು.

ನಿಮ್ಮ ಮಗನೂ ಒಪ್ಪಿಸುತ್ತಿದ್ದಾನೆ. ಅವನು ದಡ್ಡ ಅಂತ ಯಾರೂ ಅನ್ನಬಾರದು. ಕೇಳಿದ್ದನ್ನು ಅಷ್ಟು ಉದ್ದ ನೆನಪಿಟ್ಟುಕೊಳ್ಳುವ ಹುಡುಗನ ಕಿವಿ ಬಹಳ ಚುರುಕು. ಕಣ್ಣು ಇನ್ನೂ ಆ ಕಿವಿಯ ಜೊತೆ ಸೇರಿಲ್ಲ, ಅಷ್ಟೇ. ಇನ್ನು ಮೇಲೆ ಅವನಿಗೆ ಗೊತ್ತಿರುವ ಪಾಠದಿಂದ ಕೇಳಬೇಡಿ. ಗೊತ್ತಿಲ್ಲದ ಪದ ಕೊಡಿ. ಅರ್ಥವೇ ಇಲ್ಲದ ಪದವೂ ಆಗಬಹುದು: ‘ದಗಸ’, ‘ರಮದ’. ನೆನಪಿನಿಂದ ಹೇಳುವುದಕ್ಕೆ ಅಲ್ಲಿ ಏನೂ ಇರುವುದಿಲ್ಲ. ಅಕ್ಷರವನ್ನೇ ನೋಡಬೇಕು.

ಮಾವನವರ ಸಿಟ್ಟಿನ ವಿಷಯ. ಅವರ ಕಾಲದಲ್ಲಿ ಅ ಆ ಇ ಈ ಇಂದಲೇ ಶುರು. ನಮ್ಮ ವರ್ಣಮಾಲೆ ಜೋಡಿಸಿದ ರೀತಿ ಬಹಳ ಚಂದ. ಗಂಟಲಿನಿಂದ ಹುಟ್ಟುವ ಕ ಖ ಗ ಘ ಮೊದಲು, ತುಟಿ ಸೇರಿಸಿ ಹೇಳುವ ಪ ಫ ಬ ಭ ಕೊನೆಗೆ. ಆದರೆ ಆರು ವರ್ಷದ ಮಗು ಕ ಖ ಗ ಘ ಙ ಕಲಿತರೆ ಯಾವ ಪದ ಓದಲು ಬರುತ್ತದೆ ಹೇಳಿ? ‘ಖಗ’ ಬಿಟ್ಟರೆ ನನಗೆ ಬೇರೆ ತೋಚುವುದಿಲ್ಲ. ಅದನ್ನು ನಮ್ಮ ಮನೆಗಳಲ್ಲಿ ಯಾರೂ ಆಡುವುದಿಲ್ಲ. ರ ಗ ಸ ದ ಅ ಎಂಬ ಐದು ಅಕ್ಷರ ಬಂದರೆ ಸರ, ರಸ, ದರ, ಅರಸ, ಅಗಸ, ಗರಗಸ ಎಲ್ಲ ಓದಬಹುದು. ಶಾಲೆಗೆ ಸೇರಿದ ಕೆಲವೇ ವಾರದಲ್ಲಿ ‘ನಾನು ಓದಿದೆ’ ಎಂಬ ಖುಷಿ ಸಿಗುತ್ತದೆ. ನಿಮ್ಮ ಶಾಲೆಯಲ್ಲಿ ನಡೆಯುತ್ತಿರುವುದು ನಲಿ-ಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿ, 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಆಂಧ್ರದ ರಿಷಿ ವ್ಯಾಲಿಯ ಸುತ್ತಲಿನ ಹಳ್ಳಿ ಶಾಲೆಗಳಲ್ಲಿ ಮಾಡುತ್ತಿದ್ದ ಕಾರ್ಡಿನ ಪದ್ಧತಿ ನೋಡಿ ಬಂದ ಮೇಷ್ಟ್ರುಗಳು ಕಟ್ಟಿದ್ದು ಅದು. ಒಂದರಿಂದ ಮೂರನೇ ತರಗತಿ ಮಕ್ಕಳು ಒಟ್ಟಿಗೆ ಕೂತು, ಒಬ್ಬೊಬ್ಬರು ತಮ್ಮ ತಮ್ಮ ಮೆಟ್ಟಿಲು ಹತ್ತುತ್ತ ಹೋಗುತ್ತಾರೆ. ಮಾವನವರಿಗೆ ಬೇಸರ ಬೇಡ. ಬಿಡಿ ಅಕ್ಷರ ಬಂದ ಮೇಲೆ ಅದನ್ನು ವರ್ಣಮಾಲೆಯ ಸಾಲಿಗೆ ಜೋಡಿಸುವುದು ಹಾಡು ಕಲಿತಷ್ಟೇ ಸುಲಭ. ಸಂಜೆ ದೀಪ ಹಚ್ಚಿದ ಮೇಲೆ ಅವರೇ ಮೊಮ್ಮಗನಿಗೆ ಅದನ್ನು ಹೇಳಿಕೊಡಲಿ. ಅಜ್ಜನ ಪಕ್ಕ ಕೂತು ಕಲಿತದ್ದು ಮರೆಯುವುದಿಲ್ಲ.

ಈಗ ನಿಜವಾದ ಕಷ್ಟಕ್ಕೆ ಬರುತ್ತೇನೆ. ಕನ್ನಡದಲ್ಲಿ ಮಕ್ಕಳು ಸೋಲುವುದು ಬಿಡಿ ಅಕ್ಷರದಲ್ಲಲ್ಲ, ಕಾಗುಣಿತದಲ್ಲಿ. ಅಕ್ಷರ 49 ಎಂದು ಹೇಳುತ್ತೇವೆ. ಆದರೆ 34 ವ್ಯಂಜನಕ್ಕೆ 13 ಸ್ವರ ಸೇರಿದರೆ 442 ರೂಪ. ಒತ್ತಕ್ಷರ ಬೇರೆ. ಕನ್ನಡ ಮಕ್ಕಳ ಓದಿನ ಬಗ್ಗೆ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ತೋರಿಸಿದೆ. ನಮ್ಮ ಅಕ್ಷರಗಳನ್ನು ಪೂರ್ತಿ ಕಲಿಯುವುದು ಒಂದೆರಡು ವರ್ಷದಲ್ಲಿ ಮುಗಿಯುವ ಕೆಲಸವಲ್ಲ. ಹಾಗಿದ್ದೂ ನಾವು ಬಿಡಿ ಅಕ್ಷರಕ್ಕೆ ತಿಂಗಳುಗಟ್ಟಲೆ ಕೊಟ್ಟು, ಕಾಗುಣಿತವನ್ನು ‘ಕ ತಲಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ’ ಎಂದು ರಾಗ ಹಾಕಿ ಹದಿನೈದು ದಿನದಲ್ಲಿ ಓಡಿಸಿಬಿಡುತ್ತೇವೆ. ಆ ರಾಗವೂ ಬಾಯಿಪಾಠವೇ ಅಲ್ವಾ? ‘ಕೊಂಬಿನ ಇಳಿ ಕೂ’ ಎಂದು ಹಾಡುವ ಮಗುವಿಗೆ ‘ಸೂಜಿ’ ತೋರಿಸಿ. ಎಷ್ಟೋ ಸಲ ಒಳಗೊಳಗೇ ‘ಕ’ ಇಂದ ಶುರು ಮಾಡಿ ಎಣಿಸಿಕೊಂಡು ಬರುತ್ತದೆ.

ನಾನು ಕೊನೆಯ ಇಪ್ಪತ್ತು ವರ್ಷ ಅಡ್ಡಡ್ಡ ಕಲಿಸಿದೆ. ಒಂದು ವಾರಕ್ಕೆ ಒಂದೇ ಗುರುತು. ಈ ವಾರ ಬರೀ ಇಳಿ: ರಾ, ಗಾ, ಸಾ, ದಾ. ಪದಗಳು ರಾಗ, ದಾರ, ದಾಸ, ಸಾಗರ. ‘ದರ’ ಬರೆದು ಓದಿಸುವುದು, ಅದಕ್ಕೇ ಇಳಿ ಹಾಕಿ ‘ದಾರ’ ಮಾಡುವುದು. ಮಗುವಿನ ಕಣ್ಣೆದುರೇ ಸದ್ದು ಬದಲಾಗಬೇಕು. ಮುಂದಿನ ವಾರ ಗುಡಿಸು: ಗಿರಿ, ಸಿರಿ. ಇಲ್ಲಿ ಅವಸರ ಮಾಡಬೇಡಿ. ಕೊಂಬಿಗೆ ಬಂದಾಗ ಜಾಸ್ತಿ ಹೊತ್ತು ನಿಲ್ಲಿ. ‘ಮ’ ನೋಡುವುದಕ್ಕೆ ‘ವ’ಕ್ಕೆ ಕೊಂಬು ಹಚ್ಚಿದ ಹಾಗೇ ಇದೆ. ಅದಕ್ಕೇ ‘ಪು’, ‘ವು’ಗಳಲ್ಲಿ ಕೊಂಬು ಕೆಳಗಿಳಿದು ಕೂರುತ್ತದೆ. ಇದನ್ನು ಬಿಡಿಸಿ ತೋರಿಸದಿದ್ದರೆ ಮಗು ‘ಹಾವು’ ಎಂಬುದನ್ನು ‘ಹಾಮ’ ಎಂದು ಓದುತ್ತದೆ. ಅದನ್ನು ಬೈದು ಪ್ರಯೋಜನವಿಲ್ಲ. ಕಣ್ಣಿಗೆ ಕಂಡದ್ದನ್ನೇ ಅದು ಓದಿದೆ.

ಒತ್ತಕ್ಷರಕ್ಕೆ ಅಕ್ಕ, ಅಪ್ಪ, ಅಜ್ಜ ಮೊದಲು. ಮೇಲಿನದೇ ಚಿಕ್ಕದಾಗಿ ಕೆಳಗೆ ಕೂತಿದೆ ಎಂದು ಮಗುವೇ ಕಂಡುಹಿಡಿಯುತ್ತದೆ. ಆದರೆ ತ, ನ, ಮ, ಯ, ರ, ಲ ಈ ಆರರ ಒತ್ತು ಮೂಲ ಅಕ್ಷರದ ಹಾಗೆ ಕಾಣುವುದೇ ಇಲ್ಲ. ಅಮ್ಮ, ಅಣ್ಣ ಎರಡನ್ನೂ ಅಕ್ಕಪಕ್ಕ ಬರೆದು ನೋಡಿ, ನಿಮಗೇ ಗೊತ್ತಾಗುತ್ತದೆ. ಈ ಆರನ್ನು ಬೇರೆಯಾಗಿ, ಒಂದೊಂದಾಗಿ ಕಲಿಸಬೇಕು.

ನಿಮಗೆ ಪುಸ್ತಕ ಕೊಳ್ಳುವ ಖರ್ಚೂ ಬೇಡ. ನಿಮ್ಮ ದಾರಿಯಲ್ಲಿ ಬಸ್ಸಿನ ಬೋರ್ಡುಗಳಿವೆ. ‘ನಗರ’ ಎಂಬುದು ಮೂರು ಬಿಡಿ ಅಕ್ಷರ. ‘ಸಾಗರ’ದಲ್ಲಿ ಒಂದು ಇಳಿ ಬಂತು. ‘ಸೊರಬ’, ‘ಹೊಸನಗರ’ಗಳಲ್ಲಿ ಮೊದಲಕ್ಷರಕ್ಕೆ ಓತ್ವ. ‘ಆಗುಂಬೆ’ಯಲ್ಲಿ ಸೊನ್ನೆ. ‘ಕೊಪ್ಪ’, ‘ಶಿವಮೊಗ್ಗ’ಗಳಲ್ಲಿ ಒಂದೊಂದು ಒತ್ತು. ‘ಬಟ್ಟೆಮಲ್ಲಪ್ಪ’ದಲ್ಲಿ ಮೂರು ಒತ್ತು. ಕೊನೆಗೆ ‘ತೀರ್ಥಹಳ್ಳಿ’. ಅದರಲ್ಲಿ ಅರ್ಕಾವೊತ್ತು ಇದೆ. ಬಾಯಲ್ಲಿ ಮೊದಲು ಬರುವ ‘ರ್’ ಬರಹದಲ್ಲಿ ‘ಥ’ ಆದ ಮೇಲೆ ಬರುತ್ತದೆ. ಮಕ್ಕಳಿಗೆ ಎಲ್ಲಕ್ಕಿಂತ ಕಷ್ಟ ಇದೇ. ನಮ್ಮೂರ ಮಕ್ಕಳಿಗೆ ನಾನು ‘ಸೂರ್ಯ’ಕ್ಕಿಂತ ಮೊದಲು ‘ತೀರ್ಥಹಳ್ಳಿ’ಯನ್ನೇ ಕಲಿಸುತ್ತಿದ್ದೆ. ವಾರಕ್ಕೆರಡು ಸಲ ಅದೇ ಬಸ್ಸು ಹತ್ತುವವರು ಅವರು. ಮಳೆಗಾಲದಲ್ಲಿ ಬಸ್ಸು ಕಾಯುತ್ತ ನಿಲ್ಲುವ ಹತ್ತು ನಿಮಿಷ ಇದಕ್ಕೆ ಸಾಕು.

ಮನೆಯಲ್ಲಿ ದಿನಕ್ಕೆ ಕಾಲು ಗಂಟೆ ಕೂರಿ. ಮೊರದಲ್ಲಿ ಅಕ್ಕಿ ಹರವಿ, ಬೆರಳಲ್ಲಿ ಇವತ್ತಿನ ಗುರುತನ್ನು ಬರೆಸಿ. ಆಮೇಲೆ ಒಂದು ಚಿಕ್ಕ ಕತೆ. ಮೊದಲು ನೀವು ಪದದ ಕೆಳಗೆ ಬೆರಳಿಟ್ಟು ಓದಿ. ಎರಡನೇ ಸಲ ಇಬ್ಬರೂ ಒಟ್ಟಿಗೆ. ಮೂರನೇ ಸಲ ಬೆರಳು ಅವನದು, ಬಾಯಿಯೂ ಅವನದು. ಬೆರಳು ಒಂದು ಪದದ ಮೇಲಿದ್ದು ಬಾಯಿ ಇನ್ನೊಂದು ಪದ ಹೇಳಿದರೆ ಅಲ್ಲಿ ನಿಲ್ಲಿಸಿ, ಆ ಪದವನ್ನು ಮತ್ತೆ ನೋಡುವುದಕ್ಕೆ ಹೇಳಿ. ತಡವರಿಸಿದರೆ ‘ಹೇಳು, ಹೇಳು’ ಎಂದು ಅವಸರ ಮಾಡಬೇಡಿ. ಮನಸ್ಸಿನಲ್ಲೇ ಐದು ಎಣಿಸಿ. ಆ ಐದು ಎಣಿಸುವಷ್ಟು ಹೊತ್ತಿನಲ್ಲೇ ಮಗು ಅಕ್ಷರ ಜೋಡಿಸುವುದು. ಏಳನೇ ಕ್ಲಾಸು ಓದಿದವರಿಗೆ ಇಷ್ಟು ಧಾರಾಳವಾಗಿ ಆಗುತ್ತದೆ. ನೀವು ನಿಧಾನವಾಗಿ ಓದಿದರೆ ಇನ್ನೂ ಒಳ್ಳೆಯದು, ಅವನ ಕಣ್ಣಿಗೆ ನಿಮ್ಮ ಜೊತೆ ಬರುವುದಕ್ಕೆ ಆಗುತ್ತದೆ.

ತಡವಾಯಿತು ಎಂದು ಹೆದರಬೇಡಿ. ಕೇಂದ್ರ ಸರ್ಕಾರ 2021ರಲ್ಲಿ ಶುರು ಮಾಡಿದ ನಿಪುಣ್ ಭಾರತ್‌ನ ಗುರಿಯೇ ಮೂರನೇ ತರಗತಿ ಮುಗಿಯುವ ಹೊತ್ತಿಗೆ ಮಗು ಅರ್ಥ ಮಾಡಿಕೊಂಡು ಓದಬೇಕು ಎಂಬುದು. ನಿಮಗೆ ಇನ್ನೂ ಒಂದು ವರ್ಷಕ್ಕಿಂತ ಜಾಸ್ತಿ ಇದೆ. ಒಮ್ಮೆ ಕಣ್ಣು ಮಾತ್ರ ಪರೀಕ್ಷೆ ಮಾಡಿಸಿ. ಕರಿಹಲಗೆ ಕಾಣದೆ ಹಿಂದೆ ಬಿದ್ದ ಮಕ್ಕಳನ್ನು ನಾನು ನೋಡಿದ್ದೇನೆ. ಇಷ್ಟೆಲ್ಲ ಮಾಡಿಯೂ ಮೂರನೇ ತರಗತಿಯಲ್ಲಿ ಅಕ್ಷರ ನಿಲ್ಲದೆ ಹೋದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತೋರಿಸಬಹುದು. ಶಾಲೆ ಬದಲಿಸುವುದರಿಂದ ಈ ತೊಂದರೆ ಹೋಗುವುದಿಲ್ಲ. ಆಡುವ ಭಾಷೆಯಲ್ಲೇ ಕಣ್ಣು ಕಿವಿ ಸೇರದ ಮಗುವನ್ನು ಆಡದ ಭಾಷೆಗೆ ಹಾಕಿದರೆ ಅಲ್ಲೂ ಒಪ್ಪಿಸುತ್ತಾನೆ. ನಾದಿನಿಯವರಿಗೆ ಇದನ್ನು ಮೆಲ್ಲಗೆ ಹೇಳಿ.

ಪ್ರಶ್ನೆ: ಮೇಡಂ, ಮಗಳು ಶಿವಮೊಗ್ಗದಲ್ಲಿ ಇಂಗ್ಲಿಷ್ ಮಾಧ್ಯಮದ ಒಂದನೇ ತರಗತಿ. ನಾವು ‘ಸಿ ಎ ಟಿ ಕ್ಯಾಟ್’ ಎಂದು ಕಲಿತವರು. ಅವಳಿಗೆ ಅಕ್ಷರದ ಹೆಸರಿನ ಬದಲು ಬರೀ ಸದ್ದು ಹೇಳಿಕೊಡುತ್ತಿದ್ದಾರೆ, ಫೋನಿಕ್ಸ್ ಅಂತೆ. ನಾನು ಮನೆಯಲ್ಲಿ ಹೇಳಿಕೊಡಲು ಹೋದರೆ ‘ಅಪ್ಪಾ, ಹಾಗಲ್ಲ’ ಎನ್ನುತ್ತಾಳೆ. ಇದು ಸರಿಯಾದ ಕ್ರಮವೇ? ಕನ್ನಡವೂ ಜೊತೆಗೆ ಕಲಿತರೆ ಗೊಂದಲ ಆಗುವುದಿಲ್ಲವೇ?
– ಒಬ್ಬ ತಂದೆ, ವಿನೋಬನಗರ

ಉತ್ತರ: ಮಗಳು ಹೇಳಿದ್ದು ಸರಿ. ನಮ್ಮ ‘ಕ’ದ ಹೆಸರೂ ‘ಕ’, ಸದ್ದೂ ‘ಕ’. ಇಂಗ್ಲಿಷ್‌ನಲ್ಲಿ ಹಾಗಿಲ್ಲ. ‘ಎಚ್’ ಎಂಬ ಹೆಸರಿನಲ್ಲಿ ‘ಹ’ಕಾರವೇ ಇಲ್ಲ. ‘ಡಬ್ಲ್ಯು’ ಎಂಬ ಹೆಸರಿನಲ್ಲಿ ‘ವ’ಕಾರ ಇಲ್ಲ. ‘ಸಿ ಎ ಟಿ’ ಎಂದು ಎಷ್ಟು ಬೇಗ ಹೇಳಿದರೂ ‘ಕ್ಯಾಟ್’ ಆಗುವುದಿಲ್ಲ. ನಾವು ಅದನ್ನು ಬಾಯಿಪಾಠ ಮಾಡಿಯೇ ದಾಟಿದವರು. ದಾಟದೆ ಉಳಿದವರೂ ಬಹಳ ಜನ. ಅಲ್ಲಿ 26 ಅಕ್ಷರಕ್ಕೆ ಸುಮಾರು 44 ಸದ್ದು. ಆದ್ದರಿಂದ ಯಾವ ಅಕ್ಷರ, ಯಾವ ಜೋಡಿ ಏನು ಸದ್ದು ಕೊಡುತ್ತದೆ ಎಂದು ಒಂದು ಕ್ರಮದಲ್ಲಿ ಕಲಿಸಬೇಕು. ಓದು ಕಲಿಸುವ ಕ್ರಮಗಳನ್ನು ಪರಿಶೀಲಿಸಿದ ಅಮೆರಿಕದ ತಜ್ಞರ ಸಮಿತಿ, ನ್ಯಾಷನಲ್ ರೀಡಿಂಗ್ ಪ್ಯಾನೆಲ್, 2000ದಲ್ಲಿ ಕೊಟ್ಟ ವರದಿಯೂ ಇದರ ಪರವಾಗಿಯೇ ಇದೆ. ಇಂಗ್ಲೆಂಡಿನಲ್ಲಿ 2012ರಿಂದ ಐದಾರು ವರ್ಷದ ಮಕ್ಕಳಿಗೆ 40 ಪದ ಕೊಟ್ಟು ಓದಿಸಿ ನೋಡುತ್ತಾರೆ. ಅದರಲ್ಲಿ 20 ಪದಕ್ಕೆ ಅರ್ಥವೇ ಇರುವುದಿಲ್ಲ. ಮೇಲೆ ಹೊಸನಗರದ ತಾಯಿಗೆ ನಾನು ಹೇಳಿದ್ದೂ ಅದೇ ಉಪಾಯ.

ನೀವು ಮನೆಯಲ್ಲಿ ಎಡವುತ್ತಿರುವುದು ಎಲ್ಲಿ ಎಂದು ನನಗೆ ಅಂದಾಜಿದೆ. ನಾವು ಕನ್ನಡದವರು ಸದ್ದಿನ ಕೊನೆಗೆ ‘ಅ’ ಸೇರಿಸಿಬಿಡುತ್ತೇವೆ. ‘ಬ, ಆ್ಯ, ಟ’ ಎಂದರೆ ‘ಬ್ಯಾಟ್’ ಆಗುವುದಿಲ್ಲ. ‘ಬ್, ಆ್ಯ, ಟ್’ ಎನ್ನಬೇಕು. ‘ಮ್’, ‘ಸ್’ಗಳನ್ನು ಎಳೆದು ಹೇಳಬಹುದು. ಮೊದಲು ಅಂಥ ಸದ್ದಿರುವ ಪದ ತೆಗೆದುಕೊಳ್ಳಿ. ‘ಸೆಡ್’ (said), ‘ವಾಸ್’ (was) ಥರದ ಪದಗಳು ಮಾತ್ರ ಸದ್ದಿನ ಲೆಕ್ಕಕ್ಕೆ ಪೂರ್ತಿ ಸಿಗುವುದಿಲ್ಲ. ಅವನ್ನು ಪದೇ ಪದೇ ನೋಡಿಯೇ ಕಲಿಯಬೇಕು. ಅಂಥವನ್ನು ದಿನಕ್ಕೆ ಒಂದೋ ಎರಡೋ ಚೀಟಿಯಲ್ಲಿ ಬರೆದು ಅಡುಗೆಮನೆ ಬಾಗಿಲಿಗೆ ಅಂಟಿಸಿ.

ಕನ್ನಡದಿಂದ ಗೊಂದಲ ಆಗುವುದಿಲ್ಲ, ಸಹಾಯವೇ ಆಗುತ್ತದೆ. ಕನ್ನಡದಲ್ಲಿ ಪದವನ್ನು ಒಡೆದು ನೋಡುವ ಅಭ್ಯಾಸ ಬಂದ ಮಗುವಿಗೆ ಇಂಗ್ಲಿಷ್ ಪದ ಒಡೆಯುವುದೂ ಹತ್ತಿರವಾಗುತ್ತದೆ. ‘ಕ್’ಗೆ ‘ಅ’ ಸೇರಿದರೆ ‘ಕ’, ‘ಇ’ ಸೇರಿದರೆ ‘ಕಿ’ ಎಂದು ತಿಳಿದ ಮೇಲೆ ಫೋನಿಕ್ಸ್ ಅವಳಿಗೆ ಹೊಸದಾಗಿ ಕಾಣುವುದಿಲ್ಲ. ರಾತ್ರಿ ಮಲಗುವಾಗ ಕನ್ನಡದಲ್ಲಿ ಕತೆ ಓದಿ ಹೇಳಿ. ಅರ್ಥಕ್ಕಾಗಿ ಓದುವ ರುಚಿ ಆಡುವ ಭಾಷೆಯಲ್ಲೇ ಮೊದಲು ಹತ್ತಬೇಕು.

ಪ್ರಶ್ನೆ: ಅಕ್ಕ, ನಾನು ಶಿಕಾರಿಪುರ ತಾಲ್ಲೂಕಿನಲ್ಲಿ ಅತಿಥಿ ಶಿಕ್ಷಕಿ. ಮಕ್ಕಳಲ್ಲಿ ಜಾಸ್ತಿ ಜನ ತಾಂಡಾದವರು, ಮನೆಯಲ್ಲಿ ಲಂಬಾಣಿ ಮಾತು. ಅಕ್ಷರ ಕೂಡಿಸಿ ಓದುತ್ತಾರೆ, ಏನು ಓದಿದೆ ಎಂದು ಕೇಳಿದರೆ ಗೊತ್ತಿರುವುದಿಲ್ಲ. ಕನ್ನಡದ ಮಕ್ಕಳು ‘ಹೋಗುತ್ತದೆ’ ಎಂಬುದನ್ನು ‘ಹೋಗ್ತದೆ’ ಎಂದು ಓದುತ್ತಾರೆ. ಎಷ್ಟು ತಿದ್ದಬೇಕು?

ಉತ್ತರ: ಎರಡನೆಯದನ್ನು ತಿದ್ದಲೇಬೇಡಿ. ‘ಹೋಗುತ್ತದೆ’ ಎಂದು ಬರೆದಿರುವುದನ್ನು ‘ಹೋಗ್ತದೆ’ ಎಂದು ಓದಿದ ಮಗು ಅರ್ಥ ಹಿಡಿದು, ತನ್ನ ಮನೆಯ ಮಾತಿನಲ್ಲಿ ಹೇಳಿದೆ. ಅಕ್ಷರಕ್ಕೆ ಅಂಟಿಕೊಂಡ ಮಗು ಹಾಗೆ ಮಾಡಲಾರದು. ಬರೆಯುವಾಗ ಪುಸ್ತಕದ ರೂಪ ತೋರಿಸಿದರೆ ಸಾಕು.

ತಾಂಡಾದ ಮಕ್ಕಳಿಗೆ ನೀವು ಅಕ್ಷರವನ್ನು ಚೆನ್ನಾಗಿಯೇ ಕಲಿಸಿದ್ದೀರಿ. ಅವರಿಗೆ ಕಮ್ಮಿ ಇರುವುದು ಕನ್ನಡದ ಮಾತು. ಗೊತ್ತಿಲ್ಲದ ಪದವನ್ನು ಎಷ್ಟು ಸರಿಯಾಗಿ ಓದಿದರೂ ಒಳಗೆ ಏನೂ ಹೊಳೆಯುವುದಿಲ್ಲ. ಬೋರ್ಡಿನ ಮೇಲೆ ಒಮ್ಮೆ ‘ಯಾಡಿ’ ಎಂದು ಬರೆದು ಓದಿಸಿ. ಅವರು ಅಮ್ಮನನ್ನು ಕರೆಯುವುದು ಹಾಗೇ. ನಮ್ಮ ಅಕ್ಷರದಲ್ಲಿ ತಮ್ಮ ಮನೆಯ ಮಾತು ಕೂತಿದೆ ಎಂದು ಕಂಡಾಗ ಅವರ ಮುಖ ನೋಡಿ. ‘ಪಾಣಿ’ ಬರೆಯಿರಿ, ಪಕ್ಕದಲ್ಲಿ ‘ನೀರು’ ಬರೆಯಿರಿ. ಮಕ್ಕಳೇ ನಿಮಗೆ ಇನ್ನಷ್ಟು ಪದ ಹೇಳಿಕೊಡುತ್ತಾರೆ, ಅದನ್ನೆಲ್ಲ ಒಂದು ಚಾರ್ಟಿನಲ್ಲಿ ಗೋಡೆಗೆ ಹಾಕಿ. ಪಾಠ ಓದಿಸುವ ಮೊದಲು ಅದರ ಚಿತ್ರ ತೋರಿಸಿ ಹತ್ತು ನಿಮಿಷ ಮಾತಾಡಿಸಿ, ಅವರ ಭಾಷೆಯಲ್ಲಿ ಉತ್ತರ ಬಂದರೂ ತೆಗೆದುಕೊಳ್ಳಿ. ಆಮೇಲೆ ನೀವು ಕನ್ನಡದಲ್ಲಿ ಅದನ್ನೇ ತಿರುಗಿ ಹೇಳಿ.

ವಾರಕ್ಕೊಮ್ಮೆ ಪ್ರತಿ ಮಗುವಿನ ಓದನ್ನು ಒಂಟಿಯಾಗಿ ಕೇಳಿ. ಒಬ್ಬರಿಗೆ ಮೂರು ನಿಮಿಷ ಸಾಕು. ಗುಂಪಿನಲ್ಲಿ ಕೇಳಿದರೆ ನನಗೆ ಆದದ್ದೇ ನಿಮಗೂ ಆಗುತ್ತದೆ. ಇನ್ನೊಂದು, ಬೀರುವಿನಲ್ಲಿರುವ ಕತೆ ಪುಸ್ತಕಗಳಿಗೆ ಬೀಗ ಹಾಕಬೇಡಿ. ಕಿಟಕಿಯ ಪಕ್ಕ ಒಂದು ಹಗ್ಗ ಕಟ್ಟಿ, ಮಕ್ಕಳ ಕೈಗೆ ಎಟುಕುವ ಹಾಗೆ ನೇತು ಹಾಕಿ. ಹಾಳೆ ಹರಿಯುತ್ತದೆ. ಅಂಟು ಹಚ್ಚಿ ಒಣಗಿಸಿ ಮತ್ತೆ ಅಲ್ಲೇ ಹಾಕಿ.